ಓದುವಾಗ ಗೊತ್ತಿರುವ ಇಂಗ್ಲಿಷ್ ಪದ ಬರೆಯುವಾಗ ಯಾಕೆ ಬರಲ್ಲ?

ಮಳೆಬಿಲ್ಲು88

ಎಲ್ಲರಿಗೂ ನಮಸ್ಕಾರ. ಪತ್ರಿಕೆ, ಕೆಲಸದ ಮೇಲ್, ಸಾಧಾರಣ ಪುಸ್ತಕ ಇವನ್ನೆಲ್ಲ ಇಂಗ್ಲಿಷ್‌ನಲ್ಲಿ ಸಲೀಸಾಗಿ ಓದ್ತೀನಿ. ಇನ್ನೂ ಮೇಲಿನ ಮಟ್ಟಕ್ಕೆ ಹೋಗಬೇಕು ಅಂತ ಪ್ರವೇಶ ಪರೀಕ್ಷೆಯವರು ಬಳಸೋ ಒಂದು ಉದ್ದನೆಯ ಪದಪಟ್ಟಿ ಹಿಡಿದು ದಿನಕ್ಕೆ 30ರಂತೆ ಬಾಯಿಪಾಠ ಮಾಡ್ತಿದ್ದೀನಿ. ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಕನ್ನಡ ಅರ್ಥ, ಅಷ್ಟೇ.

ಆದರೆ 'ಅಬೇಟ್', 'ಅಬೆಟ್', 'ಅಬೇಯನ್ಸ್' ಎಲ್ಲ ಕಲಸುಮೇಲೋಗರ ಆಗಿಬಿಟ್ಟಿವೆ. ಅರ್ಥ ನೆನಪಿರೋ ಪದಗಳೂ ಬರೆಯೋಕೆ ಕೂತಾಗ ಕೈಗೆ ಬರಲ್ಲ, ಮತ್ತೆ ಅದೇ 'ವೆರಿ ಇಂಪಾರ್ಟೆಂಟ್', 'ಬಿಗ್ ಪ್ರಾಬ್ಲಂ'. ಬಲವಂತವಾಗಿ ತುರುಕಿದರೆ ಓದಿದವರು "ಈ ಪದ ಇಲ್ಲಿ ಹೊಂದಲ್ಲ" ಅಂತಾರೆ, ಯಾಕೆ ಅಂತ ಹೇಳಲ್ಲ.

ಯಾವ ಪಟ್ಟಿ ಒಳ್ಳೆಯದು? ದಿನಕ್ಕೆ ಎಷ್ಟು ಪದ? ಆಪ್ ಬೇಕಾ, ನೋಟ್‌ಬುಕ್ ಸಾಕಾ? ಲ್ಯಾಟಿನ್, ಗ್ರೀಕ್ ಮೂಲಗಳನ್ನ ಕಲಿತರೆ ಉಪಯೋಗ ಇದೆಯಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ನಿಘಂಟುಪ್ರಿಯ

ಅಕ್ಷರಾನುಕ್ರಮದ ಪಟ್ಟಿಯನ್ನು ಮೊದಲ ಪುಟದಿಂದ ಹಿಡಿದು ಓದುವುದೇ ನಿಮ್ಮ ಕಲಸುಮೇಲೋಗರಕ್ಕೆ ಕಾರಣ. 'ಅಬೇಟ್, ಅಬೆಟ್, ಅಬೆರಂಟ್, ಅಬೇಯನ್ಸ್, ಅಬ್‌ಹಾರ್' ಒಂದೇ ದಿನ ತಲೆಗೆ ಹೋದರೆ ಎಲ್ಲದರ ಮುಖವೂ ಒಂದೇ. ನೆನಪಿಗೆ ಹಿಡಿದುಕೊಳ್ಳಲು ವ್ಯತ್ಯಾಸವೇ ಸಿಗುವುದಿಲ್ಲ. ಸಮಾನಾರ್ಥಕಗಳ ಗುಂಪು, ವಿರುದ್ಧಪದಗಳ ಜೋಡಿ ಇವುಗಳ ಕತೆಯೂ ಇದೇ. ನೋಡಲು ಅಚ್ಚುಕಟ್ಟಾಗಿರುತ್ತವೆ, ಒಟ್ಟಿಗೆ ಕಲಿತರೆ ಒಂದನ್ನೊಂದು ಅಳಿಸುತ್ತವೆ. 'ಇಂಜೀನಿಯಸ್' ಎಂದರೆ ಚತುರ, 'ಇಂಜೆನ್ಯುಅಸ್' ಎಂದರೆ ಮುಗ್ಧ. ಇಂಥ ಜೋಡಿಯಲ್ಲಿ ಮೊದಲನೆಯದು ಗಟ್ಟಿಯಾಗುವವರೆಗೆ ಎರಡನೆಯದನ್ನು ಮುಟ್ಟಬೇಡಿ. ಎರಡು ಮೂರು ವಾರದ ಅಂತರ ಇರಲಿ. ಪಟ್ಟಿಯನ್ನು ಬಿಡಲು ಮನಸ್ಸಿಲ್ಲದಿದ್ದರೆ ಕನಿಷ್ಠ ಅದರ ಅನುಕ್ರಮವನ್ನಾದರೂ ಕದಡಿ.

ಇನ್ನು ಯಾವ ಪದ ಕಲಿಯಬೇಕು ಎಂಬುದು. ನೀವು ಓದಬೇಕೆಂದಿರುವ ಪುಸ್ತಕದಲ್ಲಿ ಎಲ್ಲಿಂದಲಾದರೂ 300 ಪದಗಳ ಒಂದು ತುಂಡು ತೆಗೆದುಕೊಳ್ಳಿ, ಗೊತ್ತಿಲ್ಲದ ಪದಗಳ ಕೆಳಗೆ ಗೆರೆ ಎಳೆಯಿರಿ. 6 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಬರಹದ 98% ನಿಮ್ಮ ಕೈಯಲ್ಲಿದೆ, ನಿಘಂಟಿನ ಹಂಗಿಲ್ಲದೆ ಓದಬಹುದು. 15 ದಾಟಿದರೆ 95%ಕ್ಕಿಂತ ಕೆಳಗೆ, ಅಲ್ಲಿ ಸಂದರ್ಭ ನೋಡಿ ಅರ್ಥ ಊಹಿಸುವುದೂ ಕಷ್ಟ. ಇಂಗ್ಲಿಷ್ ಬರಹಗಳಲ್ಲಿ 98% ಮುಟ್ಟಲು ಸುಮಾರು 8000ದಿಂದ 9000 ಪದಕುಟುಂಬ ಬೇಕು ಎಂದು ಭಾಷಾ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿ ತೋರಿಸಿದರು. 'ಅನಲೈಸ್, ಅನಾಲಿಸಿಸ್, ಅನಲಿಟಿಕಲ್' ಎಲ್ಲ ಸೇರಿ ಒಂದು ಕುಟುಂಬ.

ಲೇಖನ, ವರದಿ, ಪ್ರಬಂಧಗಳ ಭಾಷೆಯೇ ಗುರಿಯಾದರೆ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನಿಂದ ಶುರುಮಾಡಿ. ಅದರಲ್ಲಿ ಇರುವುದು 570 ಪದಕುಟುಂಬ, ಬಳಕೆ ಹೆಚ್ಚಿನದರಿಂದ ಕಡಿಮೆಯದಕ್ಕೆ 10 ಉಪಪಟ್ಟಿಗಳಾಗಿ ವಿಂಗಡಿಸಿದ್ದಾರೆ. ವಿದ್ವತ್ ಬರಹಗಳ ಸುಮಾರು 10% ಈ ಪದಗಳೇ. ನಿಮಗೆ ಮುಕ್ಕಾಲು ಪಾಲು ಪರಿಚಿತ ಎನಿಸಬಹುದು. ಪರಿಚಯ ಬೇರೆ, ಬಳಕೆ ಬೇರೆ. 'ಕನ್‌ಸ್ಟಿಟ್ಯೂಟ್', 'ಇಂಪ್ಲಿಕೇಶನ್', 'ಅಟ್ರಿಬ್ಯೂಟ್' ಇವುಗಳಿಂದ ತಡವರಿಸದೆ ವಾಕ್ಯ ಮಾಡಬಲ್ಲಿರಾ ನೋಡಿ. ಬರಹದ ತೂಕ ನಿಂತಿರುವುದು ಇಂಥವುಗಳ ಮೇಲೆ. 'ಸೆಸ್ಕ್ವಿಪಿಡೇಲಿಯನ್' ಥರದವು ಪಾರ್ಟಿಯಲ್ಲಿ ತೋರಿಸುವ ಚಮತ್ಕಾರ, ಅಷ್ಟೇ.

ಅದಾದ ಮೇಲೆ ಪಟ್ಟಿಗಳ ಸಹವಾಸ ಬಿಟ್ಟು ನಿಮ್ಮ ಓದಿನಿಂದಲೇ ಪದ ಎತ್ತಿಕೊಳ್ಳಿ. ಒಂದು ಪದ ಮೊದಲ ಸಲ ಎದುರಾದಾಗ ಗುರುತು ಮಾತ್ರ ಹಾಕಿ. ಬೇರೆ ಕಡೆ ಎರಡನೇ ಸಲ ಸಿಕ್ಕರೆ ಆಗ ಕಾರ್ಡ್ (ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಚೀಟಿ) ಮಾಡಿ. ಇದೊಂದು ಜರಡಿಯಿಂದಲೇ ಅಪರೂಪದ ಹೊಟ್ಟೆಲ್ಲ ಹಾರಿಹೋಗುತ್ತದೆ.

"ಬರೀ ಓದಿದರೆ ತಾನಾಗಿ ಬರುತ್ತೆ" ಎನ್ನುವವರು ಇದ್ದಾರೆ. ಲೆಕ್ಕ ಹಾಕಿ ನೋಡಿ. ಹತ್ತು ಲಕ್ಷ ಪದಕ್ಕೆ ಒಂದು ಸಲ ಬರುವಂಥ ಪದ ಅಂದುಕೊಳ್ಳೋಣ. ದಿನಕ್ಕೆ 10 ಪುಟ, ಪುಟಕ್ಕೆ 300 ಪದದಂತೆ ಓದಿದರೆ ಹತ್ತು ಲಕ್ಷ ಮುಟ್ಟಲು ಸುಮಾರು 11 ತಿಂಗಳು. ಆ ಪದ ಮತ್ತೆ ಸಿಗುವಷ್ಟರಲ್ಲಿ ಮೊದಲ ಭೇಟಿ ಮರೆತೇ ಹೋಗಿರುತ್ತದೆ. ಈ ಅಂತರ ತುಂಬಲು ಕಾರ್ಡ್ ಬೇಕು. ಕಾರ್ಡ್‌ನಲ್ಲಿ ಕಲಿತ ಪದಕ್ಕೆ ಜೀವ ಬರಲು ಓದು ಬೇಕು.

ಆಪ್ ವಿಷಯ. ಇಂಥ ಕಾರ್ಡ್‌ಗಳನ್ನು ಸರಿಯಾದ ದಿನ ಮತ್ತೆ ತೋರಿಸುವ ಆಂಕಿ ಎಂಬ ಆಪ್ ಸಾಕು. ಇಷ್ಟು ಗಮನದಲ್ಲಿರಲಿ: ಅದರಲ್ಲಿ ದಿನಕ್ಕೆ 20 ಹೊಸ ಕಾರ್ಡ್ ಎಂದು ಮೊದಲೇ ಇಟ್ಟಿರುತ್ತಾರೆ, ಅದನ್ನು 7-10ಕ್ಕೆ ಇಳಿಸಿ. ದಿನಕ್ಕೆ 10 ಹೊಸದು ಸೇರಿಸಿದರೆ ಕೆಲವು ವಾರಗಳಲ್ಲಿ ದಿನದ ಪುನರಾವರ್ತನೆ 70-100ಕ್ಕೆ ಏರುತ್ತದೆ, ಒಂದಕ್ಕೆ 8 ಸೆಕೆಂಡ್ ಅಂದರೂ 9-13 ನಿಮಿಷ. 30 ಸೇರಿಸಿದರೆ ಮುಕ್ಕಾಲು ಗಂಟೆಯ ಹತ್ತಿರ ಹೋಗುತ್ತದೆ. ಮಧ್ಯೆ ನಾಲ್ಕು ದಿನ ತಪ್ಪಿತೋ, ಬಾಕಿಯ ರಾಶಿ ನೋಡಿಯೇ ಜನ ಆಪ್ ತೆಗೆದುಹಾಕುತ್ತಾರೆ. ಸೆಟ್ಟಿಂಗ್‌ನಲ್ಲಿ ಎಫ್‌ಎಸ್‌ಆರ್‌ಎಸ್ ಎಂಬ, ಯಾವ ಕಾರ್ಡ್ ಯಾವಾಗ ತೋರಿಸಬೇಕೆಂದು ಲೆಕ್ಕ ಹಾಕುವ ವಿಧಾನ ಆನ್ ಮಾಡಿ (2023ರ ಆವೃತ್ತಿಯಿಂದ ಒಳಗೇ ಇದೆ), ನೆನಪಿನ ಗುರಿಯನ್ನು 90%ರಲ್ಲೇ ಬಿಡಿ. 95%ಕ್ಕೆ ಏರಿಸುವ ಆಸೆ ಬರುತ್ತದೆ, ಆದರೆ ಆ ಕೊನೆಯ 5%ಕ್ಕಾಗಿ ಕೆಲಸ ಬಹಳ ಹೆಚ್ಚುತ್ತದೆ.

ನೋಟ್‌ಬುಕ್‌ನಲ್ಲೂ ಆಗುತ್ತದೆ, ಆದರೆ ಯಾವ ಪದ ಇವತ್ತು ನೋಡಬೇಕು ಎಂಬ ಲೆಕ್ಕ ನೀವೇ ಇಡಬೇಕು. ಕಾಗದವೇ ಇಷ್ಟವಾದರೆ ಲೈಟ್ನರ್ ಪೆಟ್ಟಿಗೆ ಮಾಡಿಕೊಳ್ಳಿ: ಐದು ಖಾನೆ, ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಯಾವ ಖಾನೆಯಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್. ಖಾನೆಗಳನ್ನು 1, 2, 4, 8, 16 ದಿನಕ್ಕೊಮ್ಮೆ ತೆರೆಯಿರಿ.

ಕೆಂಪುಶಾಯಿ

ನಿಘಂಟುಪ್ರಿಯ ಹೇಳಿದ್ದೆಲ್ಲ ಸರಿ. ಆದರೆ ಕಾರ್ಡ್‌ನಲ್ಲಿ ಏನು ಬರೀಬೇಕು ಅನ್ನೋದೇ ಅಸಲಿ ವಿಷಯ. "ಇಂಗ್ಲಿಷ್ ಪದ – ಕನ್ನಡ ಅರ್ಥ" ಅಂತ ಬರೆದರೆ ನೀವು ಅಭ್ಯಾಸ ಮಾಡ್ತಿರೋದು ಪದ ನೋಡಿ ಗುರುತು ಹಿಡಿಯೋದನ್ನ ಮಾತ್ರ. ಬರೆಯುವಾಗ ಬೇಕಾಗಿರೋದು ಅದರ ಉಲ್ಟಾ ದಾರಿ: ವಿಷಯ ಮನಸ್ಸಲ್ಲಿದೆ, ಪದ ಬರಬೇಕು. ಆ ದಾರೀಲಿ ನೀವು ಒಂದು ಸಲವೂ ನಡೆದಿಲ್ಲ, ಹಾಗಾಗಿ ಬರಲ್ಲ.

'ಮಿಟಿಗೇಟ್', 'ಅಲೀವಿಯೇಟ್' ತಗೊಳ್ಳಿ. ನಿಮ್ಮ ಪಟ್ಟಿಯಲ್ಲಿ ಎರಡಕ್ಕೂ "ಕಡಿಮೆ ಮಾಡು, ಶಮನಗೊಳಿಸು" ಅಂತಲೇ ಇರುತ್ತೆ. ಆದರೆ ಇವೆರಡರ ಜೊತೆಗಾರರು ಹೆಚ್ಚಾಗಿ ಬೇರೆ ಬೇರೆ. 'ಮಿಟಿಗೇಟ್' ಹೋಗೋದು 'ರಿಸ್ಕ್', 'ಇಂಪ್ಯಾಕ್ಟ್', 'ಡ್ಯಾಮೇಜ್' ಇವುಗಳ ಜೊತೆ. ಹಾನಿಯ ತೀವ್ರತೆ ತಗ್ಗಿಸೋದು, ಎಷ್ಟೋ ಸಲ ಅದು ಆಗೋಕೆ ಮುಂಚೆಯೇ. 'ಅಲೀವಿಯೇಟ್' ಹೋಗೋದು 'ಪೇನ್', 'ಸಫರಿಂಗ್', 'ಪಾವರ್ಟಿ', 'ಸಿಂಪ್ಟಮ್ಸ್' ಜೊತೆ. ಈಗಾಗಲೇ ಅನುಭವಿಸ್ತಿರೋ ಕಷ್ಟವನ್ನ ಹಗುರ ಮಾಡೋದು. ತಲೆನೋವಿನ ಜೊತೆ 'ಮಿಟಿಗೇಟ್' ಹಾಕಿದರೆ ವ್ಯಾಕರಣ ತಪ್ಪಲ್ಲ, ಕಿವಿಗೆ ಮಾತ್ರ ತಾಗುತ್ತೆ. ನಿಮ್ಮ ಓದುಗರು "ಹೊಂದಲ್ಲ" ಅಂದಿದ್ದು ಇದನ್ನೇ.

ಹಾಗಾಗಿ 'ಮಿಟಿಗೇಟ್' ಕಾರ್ಡ್ ಹೀಗಿರಲಿ. ಮುಂಭಾಗದಲ್ಲಿ ಒಂದು ವಾಕ್ಯ: 'ಟ್ರೀಸ್ ಹೆಲ್ಪ್ ಟು ಎಂ____ ದಿ ಎಫೆಕ್ಟ್ಸ್ ಆಫ್ ಹೀಟ್'. ಮೊದಲ ಅಕ್ಷರದ ಸುಳಿವು ಕೊಡಲೇಬೇಕು, ಇಲ್ಲದಿದ್ದರೆ 'ರೆಡ್ಯೂಸ್' ಅಂದುಬಿಟ್ಟು ಸರಿ ಅಂತ ನೀವೇ ಅಂಕ ಕೊಟ್ಕೋತೀರಿ. ಅದರ ಕೆಳಗೆ ಕನ್ನಡದಲ್ಲಿ ಒಂದು ಸಾಲು: "ಕೆಟ್ಟ ಪರಿಣಾಮದ ತೀವ್ರತೆ ತಗ್ಗಿಸು". ಹಿಂಭಾಗದಲ್ಲಿ ಪದ, ಉಚ್ಚಾರಣೆ, ಮೂರು ಜೊತೆಪದ, ಕೊನೆಗೆ ಒಂದು ಎಚ್ಚರಿಕೆ: "ಇದರ ಮುಂದೆ 'ಅಗೇನ್ಸ್ಟ್' ಹಾಕಬೇಡ". 'ಅಗೇನ್ಸ್ಟ್' ಬರೋದು 'ಮಿಲಿಟೇಟ್'ಗೆ, ಅದರ ಅರ್ಥವೇ ಬೇರೆ, ಅಡ್ಡಿಯಾಗು ಅಂತ. ಒಂದು ಕಾರ್ಡ್, ಒಂದೇ ಅರ್ಥ. ಪದಕ್ಕೆ ಮೂರು ಅರ್ಥ ಇದ್ದರೆ ಮೂರು ಕಾರ್ಡ್, ಅದೂ ಬೇರೆ ಬೇರೆ ವಾರ. ಉತ್ತರವನ್ನ ಮನಸ್ಸಲ್ಲೇ ಅಂದ್ಕೊಂಡು ಮುಂದೆ ಹೋಗಬೇಡಿ, ಇಡೀ ವಾಕ್ಯ ಬಾಯಿಬಿಟ್ಟು ಹೇಳಿ ಅಥವಾ ಟೈಪ್ ಮಾಡಿ.

ಜೊತೆಪದ ಎಲ್ಲಿ ಸಿಗುತ್ತೆ? ಕಲಿಯುವವರಿಗಾಗಿಯೇ ಮಾಡಿದ ನಿಘಂಟು ಬಳಸಿ, ಉದಾಹರಣೆ ವಾಕ್ಯಗಳಲ್ಲೇ ಸಿಗುತ್ತೆ. ಲಾಂಗ್‌ಮನ್‌ನವರು ಸುಮಾರು 2000 ಸರಳ ಪದಗಳ ಒಳಗೇ ಎಲ್ಲ ಅರ್ಥ ವಿವರಿಸ್ತಾರೆ. ಹಾಗಾಗಿ ಒಂದು ಪದದ ಅರ್ಥ ತಿಳಿಯೋಕೆ ಇನ್ನೂ ಮೂರು ಪದ ಹುಡುಕೋ ಪಾಡು ಇಲ್ಲ. ಇನ್ನೂ ಆಳಕ್ಕೆ ಹೋಗಬೇಕಾದರೆ ಸ್ಕೆಲ್ ಅನ್ನೋ ಉಚಿತ ತಾಣ ಇದೆ, 'ವರ್ಡ್ ಸ್ಕೆಚ್' ಒತ್ತಿದರೆ ಯಾವ ಕ್ರಿಯಾಪದಕ್ಕೆ ಯಾವ ಕರ್ಮಪದ ಸೇರುತ್ತೆ ಅಂತ ಸಾಲಾಗಿ ತೋರಿಸುತ್ತೆ. ಕೋಕಾ ಅನ್ನೋ ಬರಹಗಳ ಸಂಗ್ರಹ ಇನ್ನೂ ದೊಡ್ಡದು. 1990ರಿಂದ 2019ರವರೆಗಿನ ಅಮೆರಿಕನ್ ಇಂಗ್ಲಿಷ್, 100 ಕೋಟಿಗೂ ಹೆಚ್ಚು ಪದ. ಮೊದಮೊದಲು ಬಳಸೋಕೆ ಸ್ವಲ್ಪ ತಲೆಬಿಸಿ. ಥೆಸಾರಸ್ (ಸಮಾನಾರ್ಥಕ ಪದಗಳ ಕೋಶ) ಮಾತ್ರ ದಯವಿಟ್ಟು ದೂರ ಇಡಿ. ಗೊತ್ತಿರೋ ಪದವನ್ನ ನೆನಪಿಸಿಕೊಳ್ಳೋಕೆ ಅದು ಸರಿ, ಗೊತ್ತಿಲ್ಲದ ಪದ ಆರಿಸೋಕೆ ಅಲ್ಲ.

ಇನ್ನೊಂದು ಕಡೆ ಎಡವೋದು ಕನ್ನಡದ 'ಬಗ್ಗೆ', 'ಮೇಲೆ' ಥರದ ಪದ ಇಂಗ್ಲಿಷ್ ಒಳಗೆ ನುಸುಳೋದು. "ಅದರ ಬಗ್ಗೆ ಚರ್ಚಿಸು" ಅಂತ ಯೋಚಿಸಿ 'ಡಿಸ್ಕಸ್ ಅಬೌಟ್' ಬರೀತೀವಿ, "ಅದರ ಮೇಲೆ ಒತ್ತು ಕೊಡು" ಅಂತ ಯೋಚಿಸಿ 'ಎಂಫಸೈಸ್ ಆನ್' ಬರೀತೀವಿ. ಎರಡೂ ಕ್ರಿಯಾಪದಕ್ಕೆ ಕರ್ಮಪದ ನೇರವಾಗಿ ಬರಬೇಕು, ನಡುವೆ ಏನೂ ಬೇಡ. 'ಕಂಪ್ರೈಸ್'ಗೂ ಅಷ್ಟೇ, ಅದರ ಮುಂದೆ 'ಆಫ್' ಇಲ್ಲ, 'ಕನ್ಸಿಸ್ಟ್'ಗೆ ಬೇಕು. ಪ್ರತಿ ಕ್ರಿಯಾಪದದ ಕಾರ್ಡ್‌ನಲ್ಲೂ ಮುಂದೆ ಬರೋ ಸಣ್ಣ ಪದ ಯಾವುದು, ಅಥವಾ ಏನೂ ಇಲ್ಲವಾ ಅನ್ನೋದು ಇರಲೇಬೇಕು. ಮೇಲ್ಮಟ್ಟದ ಪದ ಹಾಕಿ ಈ ಸಣ್ಣದು ತಪ್ಪಿದರೆ ರೇಷ್ಮೆ ಅಂಗಿಗೆ ಬೇರೆ ಬಣ್ಣದ ಗುಂಡಿ ಹಾಕಿದ ಹಾಗೆ, ಎಲ್ಲರ ಕಣ್ಣೂ ಗುಂಡಿ ಮೇಲೇ.

ಪದದ ಮೂಡ್ ಕೂಡ ನೋಡಿ. 'ಸಿಂಪ್ಲಿಸ್ಟಿಕ್' ಅಂದರೆ 'ಸಿಂಪಲ್'ಗಿಂತ ಘನವಾದ ಪದ ಅಂತ ಬಹಳ ಜನ ಹಾಕ್ತಾರೆ. ಅದು ಬೈಗುಳ. ಸಂಕೀರ್ಣ ವಿಷಯವನ್ನ ಅತಿಯಾಗಿ ಸರಳ ಮಾಡಿ ಕೆಡಿಸಿದ್ದಾರೆ ಅಂತ ಅರ್ಥ. ಬಾಸ್‌ನ ಯೋಜನೆಗೆ ಆ ಪದ ಬಳಸಿ ಮೆಚ್ಚುಗೆ ಅಂದ್ಕೊಂಡರೆ ಕಷ್ಟ. 'ನಟೋರಿಯಸ್' ಕುಖ್ಯಾತ, 'ಫುಲ್ಸಮ್ ಪ್ರೇಸ್' ಅಂದರೆ ಓದುಗರಿಗೆ ಮುಜುಗರ ತರೋ ಅತಿ ಹೊಗಳಿಕೆ ಅಂತಲೂ ಆಗುತ್ತೆ. ಇಂಥವಕ್ಕೆ ಕಾರ್ಡ್ ಮೂಲೆಯಲ್ಲಿ ಅಧಿಕ ಚಿಹ್ನೆ ಅಥವಾ ಕಳೆಯುವ ಚಿಹ್ನೆ ಹಾಕಿಬಿಡಿ.

ಮಳೆಬಿಲ್ಲು88

ಇಬ್ಬರಿಗೂ ಧನ್ಯವಾದ. ಕಾರ್ಡ್ ಬಗ್ಗೆ ಅರ್ಥ ಆಯ್ತು. ಆದರೆ ಕಲಿತ ಪ್ರತಿ ಪದಕ್ಕೂ ಇಷ್ಟು ಮಾಡ್ತಾ ಕೂತರೆ ಮುಗಿಯುತ್ತಾ? ಮೂಲಧಾತುಗಳ ಬಗ್ಗೆ ಯಾರೂ ಹೇಳಲಿಲ್ಲ. ಅಲ್ಲದೆ ಈಗಾಗಲೇ ಬಾಯಿಪಾಠ ಮಾಡಿರೋ ರಾಶಿ ಏನು ಮಾಡ್ಲಿ?

ಸುಮ್ಮನೆ_ಓದುಗ

ಮೂಲಧಾತುಗಳ ಬಗ್ಗೆ ನಾನು ಹೇಳ್ತೀನಿ. ಗೊತ್ತಿಲ್ಲದ ಪದದ ಅರ್ಥ ಊಹಿಸೋಕೆ ಅವನ್ನ ನಂಬಬೇಡಿ. 'ಇನ್' ಅಂದರೆ "ಅಲ್ಲ" ಅಂತ ಕಲಿತವರಿಗೆ 'ಇನ್‌ಫ್ಲೇಮಬಲ್' ಅಂದರೆ ಬೆಂಕಿ ಹತ್ತದ್ದು ಅನ್ನಿಸುತ್ತೆ, ನಿಜಕ್ಕೂ ಅದು ಬೇಗ ಹತ್ತಿಕೊಳ್ಳುವಂಥದ್ದು. 'ಇನ್‌ವ್ಯಾಲ್ಯುಅಬಲ್' ಅಂದರೆ ಬೆಲೆಯೇ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. 'ಪೆಡೆಸ್ಟ್ರಿಯನ್'ನ 'ಪೆಡ್' ಲ್ಯಾಟಿನ್‌ನ ಪಾದ, 'ಪೀಡಿಯಾಟ್ರಿಕ್ಸ್'ನದು ಗ್ರೀಕ್‌ನ ಮಗು. 'ಆಂಟಿ' ವಿರುದ್ಧ, 'ಆಂಟೆ' ಮೊದಲು. 'ನೈಸ್' ಬಂದಿದ್ದು ಅಜ್ಞಾನಿ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ, ಮೂಲ ಹಿಡಿದು ಹೋದರೆ ಹಳ್ಳಕ್ಕೇ ಬೀಳ್ತೀರಿ.

ಉಪಯೋಗ ಇರೋದು ಉಲ್ಟಾ ದಿಕ್ಕಿನಲ್ಲಿ: ಪದ ಕಲಿತ ಮೇಲೆ ಅದನ್ನ ತೂಗುಹಾಕೋ ಗೂಟವಾಗಿ. ಮಾತಾಡು ಅನ್ನೋ ಅರ್ಥದ 'ಲೊಕ್ವಿ' ನೋಡಿ. 'ಎಲೊಕ್ವೆಂಟ್' ನಿಮಗೆ ಗೊತ್ತು. ಅದೇ ಗೂಟಕ್ಕೆ 'ಲೊಕ್ವೇಶಸ್' (ವಾಚಾಳಿ), 'ಕಲೋಕ್ವಿಯಲ್' (ಆಡುಮಾತಿನ), 'ಸಲಿಲಕ್ವಿ' (ಸ್ವಗತ), 'ಸರ್ಕಮ್‌ಲೊಕ್ಯೂಶನ್' (ಸುತ್ತಿಬಳಸಿ ಮಾತು) ಎಲ್ಲ ಸಿಕ್ಕಿಸಬಹುದು. ಸಂಸ್ಕೃತದ ಧಾತು, ಉಪಸರ್ಗ ಶಾಲೆಯಲ್ಲಿ ಓದಿದವರಿಗೆ ಈ ಆಟ ಹೊಸದೇನಲ್ಲ, ಆಹಾರ-ವಿಹಾರ-ಪ್ರಹಾರ-ಸಂಹಾರ ಇದ್ದಂತೆ. 'ಸ್ಪೆಕ್ಟ್', 'ಡ್ಯೂಸ್', 'ವರ್ಟ್', 'ಕ್ರೆಡ್', 'ಜೆಕ್ಟ್', 'ಬೆನೆ', 'ಮ್ಯಾಲ್' ಹೀಗೆ ಒಂದು ನಲವತ್ತು ಸಾಕು. ಅದಕ್ಕಿಂತ ಹೆಚ್ಚು ಕಲಿತರೆ ಪದ ಬಿಟ್ಟು ವ್ಯುತ್ಪತ್ತಿ ಓದ್ತಾ ಕೂರ್ತೀರಿ. ಅದೂ ಚೆಂದವೇ, ಕೆಲಸ ಬೇರೆ.

ನಿಘಂಟುಪ್ರಿಯ

ಒಂದು ತಿದ್ದುಪಡಿ. ಪದದ ಆರಂಭದ ತುಂಡಿಗಿಂತ ಕೊನೆಯ ತುಂಡು ನಂಬಿಕಸ್ಥ. ಪದದ ಕೊನೆ ನೋಡಿದರೆ ಅದು ನಾಮಪದವೋ ಗುಣವಾಚಕವೋ ತಕ್ಷಣ ತಿಳಿಯುತ್ತದೆ. ಒಂದು ಪದ ಕಲಿತಾಗ ಅದರ ಕುಟುಂಬದ ಉಳಿದ ರೂಪಗಳನ್ನೂ ಆಗಲೇ ಬರೆದುಕೊಳ್ಳಿ. ಆದರೆ ಅಲ್ಲೂ ಬಲೆಗಳಿವೆ: 'ಇನ್‌ಕ್ರೆಡಿಬಲ್' ಎನ್ನುವುದು ನಂಬಲಾಗದ ಸಂಗತಿಗೆ, 'ಇನ್‌ಕ್ರೆಡ್ಯುಲಸ್' ಎನ್ನುವುದು ನಂಬಲೊಲ್ಲದ ಮನುಷ್ಯನಿಗೆ.

ಮಳೆಬಿಲ್ಲು ಅವರೇ, ಪ್ರತಿ ಪದಕ್ಕೂ ಅಷ್ಟು ಮಾಡಬೇಕಿಲ್ಲ. ಎರಡು ಕಟ್ಟು ಮಾಡಿಕೊಳ್ಳಿ. ಓದುವಾಗ ಗುರುತು ಸಿಕ್ಕರೆ ಸಾಕಾದವು ಒಂದರಲ್ಲಿ, ಅವಕ್ಕೆ ವಾಕ್ಯ ಮುಂದೆ, ಅರ್ಥ ಹಿಂದೆ. ನೀವೇ ಬರೆಯಬೇಕಾದವು ಇನ್ನೊಂದರಲ್ಲಿ, ಅವಕ್ಕೆ ಕೆಂಪುಶಾಯಿ ಹೇಳಿದ ಖಾಲಿ ಜಾಗದ ಕಾರ್ಡ್. ಹೊಸ ಹತ್ತರಲ್ಲಿ ಎರಡು ಮೂರು ಎರಡನೇ ಕಟ್ಟಿಗೆ ಹೋದರೆ ಧಾರಾಳ. ಹಡಗಿನ ಭಾಗಗಳ ಹೆಸರು, ಹಳೆಯ ಕಾವ್ಯದ ಪದ ಇವನ್ನೆಲ್ಲ ಬಳಸುವ ಸಂದರ್ಭವೇ ನಿಮಗೆ ಬಾರದಿರಬಹುದು.

ಹಳೆಯ ರಾಶಿಗೆ: ಪಟ್ಟಿಯನ್ನು ಕದಡಿ, ಪದ ನೋಡಿ 5 ಸೆಕೆಂಡಿನಲ್ಲಿ ಅರ್ಥ ಹೊಳೆದರೆ ಪಕ್ಕಕ್ಕಿಡಿ, ಅದಕ್ಕೆ ಕಾರ್ಡ್ ಬೇಡ. ಹೊಳೆಯದ್ದನ್ನು ಅಳಿಸಿಬಿಡಿ. ಮುಖ್ಯವಾದದ್ದಾದರೆ ಓದಿನಲ್ಲಿ ತಾನೇ ಮತ್ತೆ ಎದುರಾಗುತ್ತದೆ. ಅರ್ಧಂಬರ್ಧ ಗೊತ್ತು ಎನಿಸುವುದು ಮಾತ್ರ ಕಾರ್ಡ್ ಆಗಲಿ, ಅಲ್ಲೇ ಕಡಿಮೆ ಶ್ರಮಕ್ಕೆ ಹೆಚ್ಚು ಲಾಭ. ಪದೇ ಪದೇ ತಪ್ಪುವ ಕಾರ್ಡನ್ನು ಆಂಕಿ 8 ಸಲ ತಪ್ಪಿದ ಮೇಲೆ 'ಲೀಚ್' (ಜಿಗಣೆ) ಎಂದು ಗುರುತಿಸುತ್ತದೆ, ಸೆಟ್ಟಿಂಗ್ ಹಾಗಿದ್ದರೆ ನಿಲ್ಲಿಸಿಯೂ ಬಿಡುತ್ತದೆ. ಅದನ್ನು ಹಾಗೇ ಮುಂದುವರಿಸಿದರೆ ಮತ್ತೆ ರಕ್ತ ಹೀರುತ್ತದೆ. ವಾಕ್ಯ ಬದಲಿಸಿ, ಅಥವಾ ಯಾವ ಪದದ ಜೊತೆ ಗೊಂದಲವಾಗುತ್ತಿದೆಯೋ ಅದನ್ನು ಹಿಂಭಾಗದಲ್ಲಿ ಬರೆಯಿರಿ.

ಕೆಂಪುಶಾಯಿ

ಕಾರ್ಡ್‌ನಿಂದ ಬರಹಕ್ಕೆ ದಾಟೋಕೆ ಒಂದು ಹಳೇ ಕಸರತ್ತು ಇದೆ, ಬೆಂಜಮಿನ್ ಫ್ರಾಂಕ್ಲಿನ್ ಚಿಕ್ಕವನಿದ್ದಾಗ ಮಾಡ್ತಿದ್ದದ್ದು, ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ನಿಮಗೆ ಇಷ್ಟವಾದ ಲೇಖನದ ಒಂದು ಪ್ಯಾರಾ, 120-150 ಪದದ್ದು, ತಗೊಳ್ಳಿ. ಪ್ರತಿ ವಾಕ್ಯದ ಸಾರಾಂಶವನ್ನ ಮೂರು ನಾಲ್ಕು ಪದದಲ್ಲಿ ಬರೆದಿಟ್ಟು ಮೂಲ ಮುಚ್ಚಿಡಿ. ಅವನು ಇಂಗ್ಲಿಷ್‌ನಲ್ಲೇ ಬರೀತಿದ್ದ, ನೀವು ಕನ್ನಡದಲ್ಲಿ ಬರೀರಿ, ಆಗ ಮೂಲದ ಪದ ಸುಳಿವಾಗಿ ಉಳಿಯಲ್ಲ. ಎರಡು ಮೂರು ದಿನ ಬಿಟ್ಟು ಆ ಟಿಪ್ಪಣಿಯಿಂದ ಪ್ಯಾರಾವನ್ನ ಇಂಗ್ಲಿಷ್‌ನಲ್ಲಿ ಕಟ್ಟಿ, ಆಮೇಲೆ ಮೂಲದ ಪಕ್ಕ ಇಟ್ಟು ನೋಡಿ. ನೀವು 'ಮೇಡ್ ಇಟ್ ವರ್ಸ್' ಅಂದಿರೋ ಕಡೆ ಅಲ್ಲಿ 'ಎಕ್ಸಾಸರ್‌ಬೇಟೆಡ್' ಇರುತ್ತೆ. ಎರಡನೇ ಕಟ್ಟಿಗೆ ಹೋಗಬೇಕಾದ ಪದ ಅದೇ, ಯಾಕಂದರೆ ನಿಮಗೆ ನಿಜವಾಗಿ ಬೇಕಾಗಿದ್ದಾಗ ಸಿಗದೇ ಇದ್ದದ್ದು. ವಾರಕ್ಕೆ ಎರಡು ಪ್ಯಾರಾ ಸಾಕು. ಮೂಲದಲ್ಲೂ 'ಮೇಡ್ ಇಟ್ ವರ್ಸ್' ಅಂತಲೇ ಇದ್ದರೆ ಅದನ್ನೂ ಗಮನಿಸಿ. ಒಳ್ಳೇ ಬರಹಗಾರರು ಸರಳ ಪದವನ್ನ ಎಷ್ಟು ಸಲ ಹಾಗೇ ಬಿಡ್ತಾರೆ ಅಂತ ನೋಡಿದರೆ ಆಶ್ಚರ್ಯ ಆಗುತ್ತೆ.

ಸುಮ್ಮನೆ_ಓದುಗ

ಉಚ್ಚಾರಣೆ ಬಿಟ್ಟುಹೋಯ್ತು. ನಮ್ಮ ಲಿಪಿಯಲ್ಲಿ ಬರೆದದ್ದನ್ನ ಹಾಗೇ ಓದಬಹುದು, ಆ ರೂಢಿಯಲ್ಲಿ ಇಂಗ್ಲಿಷ್ ಪದವನ್ನೂ ಕಣ್ಣಿಂದಲೇ ಕಲೀತೀವಿ. ಆಮೇಲೆ ಕಿವಿಗೆ ಬಿದ್ದಾಗ ಗುರುತೇ ಸಿಗಲ್ಲ. 'ಎಪಿಟೋಮ್' ಅಲ್ಲ 'ಎಪಿಟಮಿ', 'ಹೈಪರ್‌ಬೋಲ್' ಅಲ್ಲ 'ಹೈಪರ್ಬಲಿ', 'ಇಂಡಿಕ್ಟ್' ಅಲ್ಲ 'ಇಂಡೈಟ್'. 'ಆ್ಯರಿ' ಅಂತ ಓದೋ ಪದ 'ಅರೈ'. ಕಾರ್ಡ್‌ಗೆ ನಿಘಂಟಿನ ಧ್ವನಿ ಕೇಳಿಸಿಕೊಂಡೇ ಉಚ್ಚಾರಣೆ ಬರೀರಿ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳೋದು ಶುರುವಿಗೆ ಸರಿ, ಆದರೆ ಎರಡು ವಿಷಯ ಅದರಲ್ಲಿ ಹಿಡಿಯಲ್ಲ. ಒಂದು, ಒತ್ತು ಯಾವ ಭಾಗದ ಮೇಲೆ ಅನ್ನೋದು. ಇನ್ನೊಂದು, ಒತ್ತಿಲ್ಲದ ಭಾಗದ ಸ್ವರ ಸವೆದುಹೋಗೋದು, ನಿಘಂಟಿನಲ್ಲಿ ಅದನ್ನ ತಲೆಕೆಳಗಾದ 'ಇ' ಅಕ್ಷರದಿಂದ ತೋರಿಸ್ತಾರೆ. ಒತ್ತಿನ ಭಾಗದ ಮುಂಚೆ ಮೇಲ್ಗಡೆ ಸಣ್ಣ ಗೆರೆ ಇರುತ್ತೆ. ಈ ಎರಡು ಚಿಹ್ನೆ ಗೊತ್ತಾದರೆ ಮುಕ್ಕಾಲು ಕೆಲಸ ಆಯ್ತು. 'ಇಕ್', 'ಇಟಿ', 'ಶನ್' ಅಂತ ಮುಗಿಯೋ ಪದಗಳಲ್ಲಿ ಒತ್ತು ಸಾಮಾನ್ಯವಾಗಿ ಅದರ ಹಿಂದಿನ ಭಾಗಕ್ಕೇ ಬೀಳುತ್ತೆ. 'ಕ್ಯೂರಿಯಸ್'ನಲ್ಲಿ ಮೊದಲ ಭಾಗದ ಮೇಲಿದ್ದದ್ದು 'ಕ್ಯೂರಿಯಾಸಿಟಿ'ಯಲ್ಲಿ 'ಆ' ಮೇಲೆ ಹೋಗುತ್ತೆ. 'ಪಾಲಿಟಿಕ್ಸ್', 'ಅರಿತ್ಮೆಟಿಕ್' ಥರ ಕೆಲವು ಈ ನಿಯಮಕ್ಕೆ ಬಗ್ಗಲ್ಲ, ಅವಕ್ಕೆ ಕಾರ್ಡ್‌ನಲ್ಲೇ ಗೆರೆ ಹಾಕಿಟ್ಕೊಳ್ಳಿ.